ಆಟದ ಲೋಕದಲ್ಲೂ ಮತ್ತೆ ಬೆಂಚು, ಬೋರ್ಡೇ ಬೇಡ, ಒಂದು ಸಂತೆ ಕಟ್ಟಿಕೊಡಿ

ಮಾನ್ಯ ಸಂಪಾದಕರೇ,

ನಾನು ಮುಳಬಾಗಿಲು ತಾಲ್ಲೂಕಿನ ಒಂದು ಗ್ರಾಮ ಪಂಚಾಯ್ತಿ ಲೈಬ್ರರಿ ನೋಡ್ಕೊಳ್ಳೋಳು, ಈಗ ಅದಕ್ಕೆ ಅರಿವು ಕೇಂದ್ರ ಅಂತ ಹೆಸರು. ಬೆಳಿಗ್ಗೆ ಪೇಪರ್ ಓದೋಕೆ ಹಿರಿಯರು ಬರ್ತಾರೆ, ಸಂಜೆ ನಾಲ್ಕೂವರೆ ಆಯ್ತು ಅಂದ್ರೆ ಸ್ಕೂಲ್ ಬಿಟ್ಟ ಹುಡುಗ್ರು ಹುಡುಗೀರು ಬ್ಯಾಗ್ ಸಮೇತ ಬಂದು ಕೂತ್ಕೋತಾರೆ. ಈ ಪತ್ರ ಬರೀತಿರೋದು ಅವರ ವಿಷಯಕ್ಕೆ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಹಾಕಿ.

ಕಳೆದ ತಿಂಗಳು ನಮ್ಮ ಕಡೆ ಒಂದು ಸ್ಕೂಲಲ್ಲಿ ಒಂದು ಕಂಪನಿಯವರು ಬಂದು ಡೆಮೊ ಕೊಟ್ರು. ವರ್ಚುವಲ್ ಲೋಕದಲ್ಲಿ, ಅಂದ್ರೆ ಕಂಪ್ಯೂಟರಲ್ಲೇ ಕಟ್ಟಿದ, ಒಳಗೆ ಓಡಾಡೋ ಹಾಗಿರೋ ಲೋಕದಲ್ಲಿ, ಇಂಗ್ಲಿಷ್ ಕಲಿಸ್ತೀವಿ ಅಂತ. ನಮ್ಮ ಲೈಬ್ರರಿ ಮಕ್ಕಳೂ ಇರ್ತಾರಲ್ಲ ಅಂತ ನನ್ನನ್ನೂ ಕರೆದಿದ್ರು, ಹೋದೆ. ಕಣ್ಣಿಗೆ ಕಟ್ಕೊಳ್ಳೋ ಹೆಡ್‌ಸೆಟ್ ಎರಡು ಇತ್ತು, ಮಕ್ಕಳು ಅರವತ್ತು ಜನ, ಒಬ್ಬೊಬ್ಬರಿಗೆ ಎರಡೋ ಮೂರೋ ನಿಮಿಷ ಸಿಕ್ತು, ಮಿಕ್ಕವರೆಲ್ಲ ಕ್ಯೂನಲ್ಲಿ ನಿಂತು ಅವರ ಮುಖ ನೋಡ್ತಾ ಇದ್ರು. ನಾನೂ ಹಾಕ್ಕೊಂಡು ನೋಡ್ದೆ. ಒಳಗೆ ಒಂದು ಕ್ಲಾಸ್‌ರೂಮು. ಬೆಂಚು, ಕರೀ ಬೋರ್ಡು, ಬೋರ್ಡ್ ಪಕ್ಕ ಒಂದು ಗೊಂಬೆ ಮೇಡಂ ನಿಂತ್ಕೊಂಡು ನಾನು ಹೇಳಿದ್ದನ್ನ ತಿರುಗಿ ಹೇಳಿ ಅಂತಿದ್ರು. ಬೋರ್ಡ್ ಮೇಲೆ ಆಪಲ್, ಮ್ಯಾಂಗೊ. ಒಂಬತ್ತನೇ ಕ್ಲಾಸ್ ಮಕ್ಕಳಿಗೆ. ಹೊರಗೆ ಬಂದ್ಮೇಲೆ ನಮ್ಮ ಲೈಬ್ರರಿಗೆ ಬರೋ ಒಂದು ಹುಡುಗಿ ನನ್ನ ಕೇಳಿದ್ಲು, ಅಕ್ಕಾ, ಇದ್ರಲ್ಲಿ ಯಾರ್ ಜೊತೆ ಮಾತಾಡೋದು, ಅಂತ.

ನನಗೆ ಉತ್ತರ ಹೊಳೀಲಿಲ್ಲ. ಮನೆಗೆ ಬಂದ್ಮೇಲೂ ಅದೇ ತಲೇಲಿ. ಇನ್ನೂ ಬೇರೆ ಸ್ಕೂಲ್‌ಗಳಿಗೂ ಇಂಥದ್ದನ್ನ ತರೋ ಮಾತು ನಡೀತಿದೆ ಅಂತ ಕೇಳ್ದೆ, ಅದಕ್ಕೇ ಬರೀತಿದೀನಿ. ವರ್ಚುವಲ್ ಲೋಕ ಬೇಡ ಅಂತ ಹೇಳೋಕಲ್ಲ. ಬೇಕು, ನಮ್ಮ ಕೋಲಾರ ಜಿಲ್ಲೆ ಮಕ್ಕಳಿಗೆ ಖಂಡಿತ ಬೇಕು. ಆದ್ರೆ ಅದು ಹೇಗಿರ್ಬೇಕು ಅನ್ನೋದು ಮುಖ್ಯ.

ನಮ್ಮೂರಲ್ಲಿ ಒಬ್ಬ ಹುಡುಗ ಇದಾನೆ, ಹತ್ತನೇ ಕ್ಲಾಸು. ಮನೇಲಿ ತೆಲುಗು. ಸ್ಕೂಲಲ್ಲಿ ಹಿಂದಿ ಮೇಷ್ಟ್ರು ಎಬ್ಬಿಸಿದ್ರೆ ಬಾಯಿ ಬಿಡಲ್ಲ, ಹಿಂದೀಲಿ ಮಾರ್ಕ್ಸ್ ಹೇಳ್ಕೊಳ್ಳೋ ಹಾಗಿಲ್ಲ. ಅದೇ ಹುಡುಗ ಲೈಬ್ರರಿ ಜಗಲಿ ಮೇಲೆ ಕೂತು ಮೊಬೈಲಲ್ಲಿ ಗುಂಡು ಹಾರಿಸೋ ಆಟ ಆಡ್ತಿದ್ರೆ, ಕಿವೀಗೆ ಇಯರ್‌ಫೋನ್ ಹಾಕ್ಕೊಂಡು, ಯಾವುದೋ ಊರಿನ ಯಾರೋ ಹುಡುಗನ ಜೊತೆ ಹಿಂದೀಲಿ ಜಗಳ ಆಡ್ತಾನೆ, ಪ್ಲಾನ್ ಮಾಡ್ತಾನೆ, ಎಡಗಡೆ ಮನೆ ಹಿಂದೆ ಒಬ್ಬ ಇದಾನೆ ನೋಡ್ಕೋ ಅಂತ ಎಚ್ಚರಿಸ್ತಾನೆ. ಯಾರು ಕಲಿಸಿದ್ದು ಇದನ್ನ? ಯಾರೂ ಕಲಿಸಿಲ್ಲ. ಅಲ್ಲಿ ಮಾತಾಡ್ಲಿಲ್ಲ ಅಂದ್ರೆ ಆಟ ಸೋಲುತ್ತೆ, ಜೊತೇಲಿರೋನು ಸಾಯ್ತಾನೆ, ಅದಕ್ಕೆ ಭಾಷೆ ಬಂತು. ಆ ಆಟ ಒಳ್ಳೇದು ಅಂತ ನಾನು ಹೇಳ್ತಿಲ್ಲ, ಅದರಲ್ಲಿ ಕಿವೀಗೆ ಬೀಳೋ ಬೈಗುಳ ಕೇಳಿದ್ರೆ ಮೈ ಉರಿಯುತ್ತೆ. ಆದ್ರೆ ಭಾಷೆ ಹೇಗೆ ಬರುತ್ತೆ ಅನ್ನೋದು ಅಲ್ಲಿ ಕಣ್ಣಮುಂದೆ ಕಾಣುತ್ತೆ. ಇನ್ನೊಬ್ಬರ ಹತ್ರ ಏನೋ ಕೆಲಸ ಆಗ್ಬೇಕು, ಆ ಕೆಲಸ ಮಾತಿಲ್ಲದೆ ಆಗ್ಬಾರ್ದು, ತಪ್ಪು ಮಾತಾಡಿದ್ರೆ ನಗೋಕೆ ಮುಖಕ್ಕೆ ಮುಖ ಯಾರೂ ಇರ್ಬಾರ್ದು. ಇಷ್ಟು ಇದ್ರೆ ಮಕ್ಕಳು ಬಾಯಿ ಬಿಡ್ತಾರೆ.

ಭಯ ಇದ್ದ ಕಡೆ ಭಾಷೆ ಇಳಿಯಲ್ಲ ಅನ್ನೋದು ಹೊಸ ಮಾತೇನಲ್ಲ, ಬಿಎಡ್‌ನಲ್ಲಿ ನಾವೂ ಓದಿದ್ವಿ, ಅಮೆರಿಕದ ಸ್ಟೀಫನ್ ಕ್ರಾಶೆನ್ ಅನ್ನೋ ಭಾಷಾತಜ್ಞರು 1980ರ ದಶಕದಲ್ಲೇ ಇದನ್ನ ಬಲವಾಗಿ ಹೇಳಿದ್ರು. ಅವಮಾನ, ಆತಂಕ ಇದ್ರೆ ಕಿವೀಗೆ ಬಿದ್ದ ಭಾಷೆ ಮನಸ್ಸಿನ ಒಳಗೆ ಹೋಗದೆ ಬಾಗಿಲಲ್ಲೇ ನಿಂತ್ಬಿಡುತ್ತೆ ಅಂತ. ಹದಿಮೂರು ಹದಿನಾಲ್ಕು ವರ್ಷದ ವಯಸ್ಸಂತೂ ಕೇಳೋದೇ ಬೇಡ, ಆ ವಯಸ್ಸಲ್ಲಿ ಒಂದ್ಸಲ ಕ್ಲಾಸಲ್ಲಿ ನಕ್ರೆ ಒಂದು ವರ್ಷ ಬಾಯಿ ತೆಗೆಯಲ್ಲ. ವರ್ಚುವಲ್ ಲೋಕದ ದೊಡ್ಡ ಗುಣ ಇರೋದೇ ಇಲ್ಲಿ, ಅಲ್ಲಿ ನೀವು ಒಂದು ಗೊಂಬೆ ಹಿಂದೆ ನಿಂತು ಮಾತಾಡ್ತೀರಿ, ನಿಮ್ಮ ಬಟ್ಟೆ, ನಿಮ್ಮ ಬಣ್ಣ, ನಿಮ್ಮ ಅಪ್ಪ ಏನ್ ಕೆಲಸ ಮಾಡ್ತಾರೆ ಅನ್ನೋದು ಯಾರಿಗೂ ಕಾಣಲ್ಲ. ಇಷ್ಟು ದೊಡ್ಡ ಅನುಕೂಲ ಕೈಲಿಟ್ಕೊಂಡು ಒಳಗೆ ಮತ್ತೆ ಬೆಂಚು ಹಾಕಿ, ಬೋರ್ಡ್ ನೇತುಹಾಕಿ, ಒಬ್ಬೊಬ್ಬರನ್ನೇ ಕೂರಿಸಿ ತಿರುಗಿ ಹೇಳಿ ಅಂದ್ರೆ ಏನ್ ಬಂತು?

ನಮ್ಮ ಜಿಲ್ಲೆ ಹೇಗಿದೆ ನೋಡಿ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಎಷ್ಟೋ ಮನೇಲಿ ತೆಲುಗು, ಕೆಜಿಎಫ್ ಕಡೆ ತಮಿಳು, ಎಲ್ಲಾ ಊರಲ್ಲೂ ಒಂದು ಬೀದಿ ದಖನಿ ಉರ್ದು, ಇದರ ಮಧ್ಯೆ ಎಲ್ಲರಿಗೂ ಕನ್ನಡ. ಬಸ್ ಸ್ಟಾಂಡಲ್ಲಿ ಹೂವು ಮಾರೋ ಅಜ್ಜಿ ಒಂದೇ ಉಸಿರಲ್ಲಿ ಮೂರು ಭಾಷೇಲಿ ಗಿರಾಕಿ ಕರೀತಾರೆ. ಪಿಯುಸಿ ಮುಗಿಸಿ ನರಸಾಪುರದ ಫ್ಯಾಕ್ಟರಿಗಳಿಗೆ ಕೆಲಸಕ್ಕೆ ಹೋಗೋ ಹುಡುಗೀರಿಗೆ ಅಲ್ಲಿ ಹಿಂದಿಯವರು, ಒಡಿಶಾದವರು, ತಮಿಳಿನವರು ಎಲ್ಲಾ ಸಿಗ್ತಾರೆ. ಅಂದ್ರೆ ನಮ್ಮ ಮಕ್ಕಳಿಗೆ ಭಾಷೆ ಅನ್ನೋದು ದಿನದ ಕೆಲಸಕ್ಕೆ ಬೇಕಾದ ಸಾಮಾನು. ಆದ್ರೆ ಸ್ಕೂಲಲ್ಲಿ ಅದನ್ನ ಬರೆಸ್ತಾರೆ, ಬರೆಸ್ತಾರೆ, ಬರೆಸ್ತಾನೇ ಇರ್ತಾರೆ. ಮೇಷ್ಟ್ರುಗಳನ್ನ ನಾನು ದೂರಲ್ಲ, ಸಿಲೆಬಸ್ ಮುಗಿಸೋದ್ರಲ್ಲೇ ಅವರಿಗೆ ಸಾಕಾಗಿರುತ್ತೆ. ಅರವತ್ತು ಮಕ್ಕಳು ಒಂದು ಪೀರಿಯಡ್‌ನಲ್ಲಿ ತಲಾ ಒಂದು ನಿಮಿಷ ಮಾತಾಡೋಕೂ ಟೈಮ್ ಸಾಲಲ್ಲ.

ಈಗ ನಮ್ಮ ಲೈಬ್ರರೀಲಿ ನಡೆದಿದ್ದು ಹೇಳ್ತೀನಿ. ನಮ್ಮ ಅಕ್ಕನ ಮಗ ಬೆಂಗಳೂರಲ್ಲಿ ಡಿಪ್ಲೊಮಾ ಓದ್ತಿದಾನೆ, ರಜಕ್ಕೆ ಬಂದಿದ್ದ. ಚಿಕ್ಕಮ್ಮಾ ಇದಕ್ಕೆ ದುಡ್ಡೇ ಬೇಕಿಲ್ಲ ಅಂತ ಹೇಳಿ ಲುವಾಂಟಿ ಅನ್ನೋ ಒಂದು ಸಾಫ್ಟ್‌ವೇರ್ ಹಾಕಿಕೊಟ್ಟ. ಮೊದಲು ಇದಕ್ಕೆ ಮೈನ್‌ಟೆಸ್ಟ್ ಅಂತಿದ್ರಂತೆ, 2024ರಲ್ಲಿ ಹೆಸರು ಬದಲಾಯ್ತು. ಚೌಕ ಚೌಕ ಇಟ್ಟಿಗೆ ತರದ ಬ್ಲಾಕ್ ಜೋಡಿಸಿ ಮನೆ, ಬೆಟ್ಟ, ಬೀದಿ ಏನ್ ಬೇಕಾದ್ರೂ ಕಟ್ಟೋ ಲೋಕ ಅದು, ಮೈನ್‌ಕ್ರಾಫ್ಟ್ ನೋಡಿದವರಿಗೆ ಗೊತ್ತಾಗುತ್ತೆ. ಇದು ಪೂರ್ತಿ ಫ್ರೀ, ಹಳೇ ಕಂಪ್ಯೂಟರಲ್ಲೂ ನಡೆಯುತ್ತೆ. ಎಲ್ಲಕ್ಕಿಂತ ಮುಖ್ಯ, ಇಂಟರ್‌ನೆಟ್ ಇಲ್ಲದೇನೂ ನಡೆಯುತ್ತೆ, ಒಂದು ಕಂಪ್ಯೂಟರನ್ನ ಸರ್ವರ್ ಮಾಡಿ, ಅಂದ್ರೆ ಆ ಲೋಕವನ್ನ ಅದರಲ್ಲೇ ಇಟ್ಟು, ಮಿಕ್ಕವನ್ನ ಒಂದು ಸಣ್ಣ ರೂಟರಿಂದ ಅದಕ್ಕೆ ಸೇರಿಸಿದ್ರೆ ಎಲ್ಲರೂ ಒಂದೇ ಲೋಕದಲ್ಲಿ ಓಡಾಡ್ತಾರೆ.

ಮಕ್ಕಳು ಏನ್ ಕಟ್ಟೋದು ಅಂದಾಗ ಅವರೇ ಅಂತರಗಂಗೆ ಅಂದ್ರು, ಸ್ಕೂಲ್ ಟ್ರಿಪ್‌ನಲ್ಲಿ ಹೋಗಿ ಬಂದಿದ್ರು. ಮೆಟ್ಟಿಲು, ಗುಡಿ, ಕಲ್ಯಾಣಿ, ಕಲ್ಲು ಬಸವನ ಬಾಯಿಂದ ಬೀಳೋ ನೀರು. ನಾನು ಒಂದೇ ಒಂದು ಷರತ್ತು ಹಾಕ್ದೆ. ಹೇಗೆ ಕಟ್ಟಬೇಕು ಅಂತ ಇಂಗ್ಲಿಷಲ್ಲಿ ಬರೆದ ಚೀಟಿ ಒಬ್ಬರ ಕೈಲಿ, ಅವರು ಮೌಸ್ ಮುಟ್ಟೋ ಹಾಗಿಲ್ಲ. ಮೌಸ್ ಹಿಡಿದವರು ಚೀಟಿ ನೋಡೋ ಹಾಗಿಲ್ಲ. ಇಬ್ಬರ ಮಧ್ಯೆ ಇಂಗ್ಲಿಷ್ ಮಾತ್ರ, ತೀರಾ ಸಿಕ್ಕಾಕ್ಕೊಂಡ್ರೆ ಕನ್ನಡ. ಚೀಟಿ ಹಿಡಿದ ಹುಡುಗ, ಆ ಹತ್ತನೇ ಕ್ಲಾಸಿನವನೇ, ಗೋ ಅಪ್, ಗೋ ಅಪ್, ನೋ ನೋ ಲೆಫ್ಟ್, ಲೆಫ್ಟ್ ಅಂದ್ನಲ್ಲಾ, ಅಂತ ಕೂಗಾಡ್ತಾ ಇದಾನೆ. ಮೌಸ್ ಹಿಡಿದಿದ್ದು ಡೆಮೊ ದಿನ ನನ್ನ ಆ ಪ್ರಶ್ನೆ ಕೇಳಿದ ಹುಡುಗಿ, ಮನೇಲಿ ದಖನಿ ಮಾತಾಡೋಳು, ಗುಂಪಲ್ಲಿ ಧ್ವನೀನೇ ಹೊರಗೆ ಬರಲ್ಲ. ವಾಟರ್ ಫ್ರಮ್ ಮೌತ್ ಅಂದ ಇವನು. ಹೂಸ್ ಮೌತ್ ಅಂತ ಅವಳು. ಬಸವ, ಬಸವ, ಇಂಗ್ಲಿಷಲ್ಲಿ ಏನೋ ಬಸವನಿಗೆ, ಅಂತ ಅವನು ಪಕ್ಕದವನ ಕಡೆ ತಿರುಗಿದ. ಬುಲ್, ಬುಲ್ಸ್ ಮೌತ್. ಅವಳು ಬಕೆಟ್ ಎತ್ತಿ ಆ ಕಲ್ಲಿನ ಬ್ಲಾಕ್ ಹತ್ರ ನೀರು ಬಿಟ್ಳು, ಆ ಲೋಕದಲ್ಲಿ ನೀರು ಬಿಟ್ರೆ ತಾನಾಗೇ ಇಳಿದು ಹರಿಯುತ್ತೆ, ಮೆಟ್ಟಿಲು ಮೆಟ್ಟಿಲಾಗಿ ಕಲ್ಯಾಣಿಗೆ ಇಳೀತು. ಇಟ್ ಈಸ್ ಕಮಿಂಗ್, ನೀರ್ ಬಂತು, ಪಾನಿ ಆಯಾ, ಅಂತ ಕುರ್ಚಿಯಿಂದ ಎದ್ದು ನಿಂತು ಕಿರುಚಿದ್ಲು. ಪೇಪರ್ ಓದ್ತಿದ್ದ ತಾತ ಒಬ್ಬರು ಕನ್ನಡಕ ತೆಗೆದು ತಿರುಗಿ ನೋಡಿದ್ರು. ಅವಳ ಧ್ವನಿ ಅಷ್ಟು ಜೋರಾಗಿದೆ ಅಂತ ನನಗೆ ಆವತ್ತೇ ಗೊತ್ತಾಗಿದ್ದು.

ಇದನ್ನ ನೋಡಿದ್ಮೇಲೆ ದೊಡ್ಡ ಮಟ್ಟದಲ್ಲಿ ಕಟ್ಟೋರಿಗೆ ನಾಲ್ಕು ಮಾತು ಹೇಳ್ಬೇಕು ಅನ್ನಿಸ್ತು.

ಮೊದಲು ಜಾಗ. ಕ್ಲಾಸ್‌ರೂಮ್ ಬೇಡ, ಕೋಲಾರದ ಟೊಮೆಟೊ ಮಂಡಿ ಕಟ್ಟಿ. ನಿಜವಾಗ್ಲೂ ಹೇಳ್ತೀನಿ, ಭಾಷೆ ಕಲಿಯೋಕೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ. ಟೊಮೆಟೊ ತಂದ ರೈತ ತೆಲುಗು ಮಾತಾಡ್ತಾನೆ, ಮಂಡಿಯವರು ಕನ್ನಡದಲ್ಲಿ ಬಿಲ್ ಬರೀತಾರೆ, ಹೊರ ರಾಜ್ಯದಿಂದ ಬಂದ ವ್ಯಾಪಾರಿ, ಲಾರಿ ಡ್ರೈವರ್ ಹಿಂದಿ, ಎಕ್ಸ್‌ಪೋರ್ಟ್ ಮಾಡೋನು ಇಂಗ್ಲಿಷಲ್ಲಿ ಫೋನ್ ಮಾಡ್ತಾನೆ. ನಾಲ್ಕು ಮಕ್ಕಳ ಒಂದು ಟೀಮ್, ಒಬ್ಬೊಬ್ಬರಿಗೆ ಒಂದೊಂದು ಪಾತ್ರ, ಒಬ್ಬರಿಗೆ ಗೊತ್ತಿರೋ ವಿಷಯ ಇನ್ನೊಬ್ಬರಿಗೆ ಗೊತ್ತಿರ್ಬಾರ್ದು. ಎಷ್ಟು ಬಾಕ್ಸ್ ಇದೆ ಅಂತ ರೈತನ ಪಾತ್ರದವಳಿಗೆ ಮಾತ್ರ ಗೊತ್ತು, ಲಾರೀಲಿ ಎಷ್ಟು ಹಿಡಿಯುತ್ತೆ ಅಂತ ಡ್ರೈವರಿಗೆ ಮಾತ್ರ ಗೊತ್ತು, ಇವತ್ತಿನ ರೇಟು ಹರಾಜು ಕೂಗೋನಿಗೆ ಮಾತ್ರ. ಎಲ್ಲರೂ ಮಾತಾಡ್ಲೇಬೇಕು, ಇಲ್ಲಾಂದ್ರೆ ಲಾರಿ ಹೊರಡಲ್ಲ. ರೇಟು ದಿನಾ ಬದಲಾಗ್ಲಿ, ಅದು ನಮ್ಮ ಮಕ್ಕಳಿಗೆ ಹೊಸದಲ್ಲ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿದ್ದನ್ನೂ ನೋಡಿದಾರೆ, ರೇಟು ಬಿದ್ದು ಅಪ್ಪ ತೋಟದಿಂದ ಕೀಳೋದೇ ಬೇಡ ಅಂತ ಬಿಟ್ಟಿದ್ದನ್ನೂ ನೋಡಿದಾರೆ. ಅವರಿಗೆ ಈ ವಿಷಯದಲ್ಲಿ ಹೇಳೋಕೆ ಮಾತಿದೆ. ಆಪಲ್ ಬಗ್ಗೆ ಇಲ್ಲ.

ಆಮೇಲೆ ಮರ್ಯಾದೆ ಮಾತು. ಇಂಗ್ಲಿಷಿಂದ ತಂದ ಆಪ್‌ಗಳಲ್ಲಿ ಇದು ಇರೋದೇ ಇಲ್ಲ, ಇಂಗ್ಲಿಷಲ್ಲಿ ಎಲ್ಲರಿಗೂ ಒಂದೇ ಯು. ನಮ್ಮಲ್ಲಿ ನೀನು ನೀವು, ತೆಲುಗಲ್ಲಿ ನುವ್ವು ಮೀರು, ಹಿಂದೀಲಿ ತೂ ತುಮ್ ಆಪ್. ಮಂಡಿ ಬಾಗಿಲಲ್ಲಿ ಒಬ್ಬ ಅಜ್ಜಿ ಗೊಂಬೆ ಇರ್ಲಿ, ಕಾಫಿ ಅಂಗಡಿ ಇಟ್ಟಿರ್ಲಿ, ಅಜ್ಜೀನ ನೀನು ತಾನು ಅಂದ್ರೆ ಕಾಫಿ ಕೊಡೋದು ಬೇಡ, ಅಜ್ಜೀ ಒಂದು ಕಾಫಿ ಕೊಡಿ ಅಂದ್ರೆ ಕೊಡ್ಲಿ. ಬೇರೆ ಭಾಷೆ ಮನೆಯಿಂದ ಬಂದು ಕನ್ನಡ ಕಲಿಯೋ ಮಕ್ಕಳು ಸಿಕ್ಕಿಹಾಕ್ಕೊಳ್ಳೋದು ಇಲ್ಲೇ, ವ್ಯಾಕರಣದ ಪುಸ್ತಕದಲ್ಲಿ ಬಹುವಚನ ಅಂತ ಒಂದು ಸಾಲು ಓದಿದ್ರೆ ಇದು ಬರಲ್ಲ.

ತಪ್ಪು ತಿದ್ದೋದು ಹೇಗೆ ಅನ್ನೋದೂ ಮುಖ್ಯ. ಕೆಂಪು ಬಣ್ಣದ ಗುರುತು, ಟುಯ್ ಅಂತ ಸದ್ದು, ಮಾರ್ಕ್ಸ್ ಕಟ್, ಇವೆಲ್ಲ ಬೇಡವೇ ಬೇಡ. ಮಗು ಐ ವಾಂಟ್ ಟೂ ಬಾಕ್ಸ್ ಅಂದ್ರೆ ಅಂಗಡಿಯವನು ಓ ಟೂ ಬಾಕ್ಸಸ್, ಓಕೆ ಅಂತ ಸರಿಯಾಗಿ ತಿರುಗಿ ಹೇಳಿ ಸಾಮಾನು ಕೊಟ್ಟುಬಿಡ್ಲಿ. ಅಮ್ಮಂದಿರು ಎಳೇ ಮಕ್ಕಳಿಗೆ ಹಾಗೇ ಅಲ್ವಾ ತಿದ್ದೋದು. ಮಗು ತಂಬಿಗೆಗೆ ತಂಬೀ ಅಂದ್ರೆ ಯಾವ ತಾಯೀನೂ ಶೂನ್ಯ ಮಾರ್ಕ್ಸ್ ಕೊಡಲ್ಲ.

ಧ್ವನಿ ವಿಷಯ ಒಂದು ಇದೆ. ಈಗಿನ ಕೆಲವು ವರ್ಚುವಲ್ ಲೋಕಗಳಲ್ಲಿ ಹತ್ರ ಹೋದ್ರೆ ಮಾತ್ರ ಮಾತು ಕೇಳುತ್ತೆ, ದೂರ ಹೋದ ಹಾಗೆ ಸಣ್ಣಗಾಗುತ್ತೆ, ನಿಜವಾದ ಸಂತೇಲಿ ಆಗೋ ಹಾಗೆ. ಇದು ಬೇಕು. ಎಲ್ಲರ ಮಾತು ಎಲ್ಲರಿಗೂ ಕೇಳಿದ್ರೆ ಗದ್ದಲ, ನಾಚಿಕೆ ಇರೋ ಮಗು ಆ ಗದ್ದಲದಲ್ಲಿ ಕಳೆದುಹೋಗುತ್ತೆ. ಒಂದು ಮೂಲೇಲಿ ಇಬ್ಬರೇ ನಿಂತು ಮಾತಾಡೋಕೆ ಜಾಗ ಇರ್ಬೇಕು. ಮತ್ತೆ ಆ ಲೋಕದಲ್ಲಿ ಕೇಳೋ ಧ್ವನಿಗಳು ನಮ್ಮವರದ್ದಾಗಿರ್ಲಿ. ಹೂವಿನ ಅಜ್ಜಿ, ಹಮಾಲಿ ಅಣ್ಣ, ಬಸ್ ಕಂಡಕ್ಟರ್, ಇವರ ಒಪ್ಪಿಗೆ ಕೇಳಿ, ಅವರಿಗೆ ದುಡ್ಡು ಕೊಟ್ಟು ರೆಕಾರ್ಡ್ ಮಾಡಿ. ಕಂಪ್ಯೂಟರ್ ಓದೋ ಕನ್ನಡ ಕೇಳಿ ಕಲಿತ ಮಗು ಮುಳಬಾಗಿಲು ಬಸ್ ಸ್ಟಾಂಡಲ್ಲಿ ಬಂದು ನಿಂತ್ರೆ ಒಂದಕ್ಷರ ಅರ್ಥ ಆಗಲ್ಲ.

ಹೆಡ್‌ಸೆಟ್ ವ್ಯಾಮೋಹ ಬಿಡಿ. ಎರಡು ಜಿಬಿ ಮೂರು ಜಿಬಿ ರಾಮ್ ಇರೋ ಅಪ್ಪನ ಫೋನಲ್ಲಿ ನಡೆದ್ರೆ ಸಾಕು, ಲೈಬ್ರರಿ ಕಂಪ್ಯೂಟರಲ್ಲಿ ನಡೆದ್ರೆ ಇನ್ನೂ ಒಳ್ಳೇದು. ಹುಡುಗೀರಿಗೆ ಮನೇಲಿ ಫೋನ್ ಕೊಡಲ್ಲ, ಅಣ್ಣನಿಗೆ ಕೊಡ್ತಾರೆ, ಇದು ಎಲ್ಲರಿಗೂ ಗೊತ್ತಿರೋದೇ. ಲೈಬ್ರರೀಲಿ ಆದ್ರೆ ಇಬ್ಬರಿಗೂ ಸಮ ಪಾಳಿ, ಅರ್ಧ ಅರ್ಧ ಗಂಟೆ ಅಂತ ನಾನೇ ರಿಜಿಸ್ಟರಲ್ಲಿ ಬರೀತೀನಿ.

ತಾಯಿ ತಂದೆಯರ ಭಯದ ಬಗ್ಗೆ ಹೇಳದೇ ಇದ್ರೆ ತಪ್ಪಾಗುತ್ತೆ. ಹದಿಹರೆಯದ ಮಕ್ಕಳು ಗೊತ್ತಿಲ್ಲದವರ ಜೊತೆ ಮಾತಾಡೋ ಜಾಗ ಅಂದ್ರೆ ಯಾರಿಗಾದ್ರೂ ಎದೆ ಹೊಡ್ಕೊಳ್ಳುತ್ತೆ, ನನಗೂ ಹೊಡ್ಕೊಳ್ಳುತ್ತೆ. ಸೆಕೆಂಡ್ ಲೈಫ್ ಅನ್ನೋ ವರ್ಚುವಲ್ ಲೋಕದವರು 2005ರಲ್ಲಿ 13ರಿಂದ 17 ವರ್ಷದವರಿಗೇ ಅಂತ ಬೇರೆ ಜಾಗ ಮಾಡಿದ್ರು. ಶಿಕ್ಷಕರಂಥ ದೊಡ್ಡವರು ಅಲ್ಲಿಗೆ ಹೋಗ್ಬೇಕಾದ್ರೆ ಹಿನ್ನೆಲೆ ಪರಿಶೀಲನೆ ಆಗ್ಬೇಕಿತ್ತು, ಅವರಿಗೆ ಕೊಟ್ಟ ಜಾಗ ಬಿಟ್ಟು ಬೇರೆ ಕಡೆ ಓಡಾಡೋ ಹಾಗಿರ್ಲಿಲ್ಲ. 2011ರ ಹೊತ್ತಿಗೆ ಅದನ್ನ ಮುಚ್ಚಿದ್ರು. ನಡೆಸೋದು ಸುಲಭ ಅಲ್ಲ ಅಂತ ಅಲ್ಲೇ ಗೊತ್ತಾಗುತ್ತೆ, ಆದ್ರೆ ಆ ಬೇಲಿ ಹಾಕಿದ ಕ್ರಮ ಸರಿ. ನಮ್ಮಲ್ಲಿ ಇನ್ನೂ ಸಲೀಸು, ಯಾಕಂದ್ರೆ ಇಡೀ ಪ್ರಪಂಚಕ್ಕೆ ಬಾಗಿಲು ತೆಗೆಯೋದೇ ಬೇಕಿಲ್ಲ. ಈ ಲೈಬ್ರರಿ ಮಕ್ಕಳು, ಕೆಜಿಎಫ್ ಕಡೆ ಒಂದು ಲೈಬ್ರರಿ ಮಕ್ಕಳು, ಶಿಡ್ಲಘಟ್ಟದ ಕಡೆ ಒಂದು, ಮೂರೂ ಕಡೆ ಒಬ್ಬೊಬ್ಬ ದೊಡ್ಡವರು ಕೂತು ನೋಡ್ತಿರೋ ಹಾಗೆ ಸೇರಿಸಿದ್ರೆ ಸಾಕು. ತಮಿಳು ಬರೋ ಮಗು ತೆಲುಗು ಮಗೂಗೆ ಕಲಿಸುತ್ತೆ, ಮಧ್ಯೆ ಕನ್ನಡ ಸೇತುವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷದ ಒಳಗಿನವರೆಲ್ಲ ಮಕ್ಕಳೇ, ಅವರ ಮಾಹಿತಿ ತಗೊಳ್ಳೋಕೆ ಅಪ್ಪ ಅಮ್ಮನ ಒಪ್ಪಿಗೆ ಬೇಕು, ಅವರನ್ನ ಹಿಂಬಾಲಿಸಿ ಜಾಹೀರಾತು ತೋರಿಸೋ ಹಾಗಿಲ್ಲ. ಆ ಡೆಮೊ ದಿನ ಮಕ್ಕಳ ಹೆಸರು, ಫೋನ್ ನಂಬರ್ ಎಲ್ಲಾ ಒಂದು ಟ್ಯಾಬಲ್ಲಿ ಬರೆಸ್ಕೊಂಡ್ರು, ಯಾವ ಪೋಷಕರನ್ನೂ ಕೇಳ್ಲಿಲ್ಲ. ನಾನು ಅಲ್ಲೇ ಕೇಳ್ಬೇಕಿತ್ತು, ಕೇಳ್ಲಿಲ್ಲ, ಅದು ಇವತ್ತಿಗೂ ಮನಸ್ಸಲ್ಲಿ ಕೊರೀತಿದೆ.

ಇನ್ನೊಂದು, ಬಾಡಿಗೆ ಲೋಕ ಬೇಡ. ಫೈರ್‌ಫಾಕ್ಸ್ ಬ್ರೌಸರ್ ಮಾಡೋ ಮೊಜಿಲ್ಲಾದವರ ಹಬ್ಸ್ ಅಂತ ಒಂದು ವರ್ಚುವಲ್ ಲೋಕ ಇತ್ತು, 2018ರಲ್ಲಿ ಶುರು, ಬ್ರೌಸರಲ್ಲೇ ತೆರೆಯೋದು, ಮೇಷ್ಟ್ರುಗಳು ಎಷ್ಟೋ ಜನ ಅದರಲ್ಲಿ ಜಾಗ ಮಾಡ್ಕೊಂಡಿದ್ರು. 2024ರ ಮೇ ಕೊನೇಲಿ ಆ ಸೇವೆ ನಿಲ್ಲಿಸಿದ್ರು. ಅದರ ಕೋಡ್, ಅಂದ್ರೆ ಅದನ್ನ ನಡೆಸೋ ಪ್ರೋಗ್ರಾಮ್, ಎಲ್ಲರಿಗೂ ತೆರೆದಿಟ್ಟಿದ್ದರಿಂದ ಗೊತ್ತಿರೋರು ತಮ್ಮ ಸರ್ವರಲ್ಲಿ ಮುಂದುವರಿಸ್ಕೊಂಡ್ರು. ಕೋಡ್ ಮುಚ್ಚಿಟ್ಟ ಕಂಪನಿ ಬಾಗಿಲು ಹಾಕಿದ್ರೆ ನಮ್ಮ ಮಕ್ಕಳು ಎರಡು ವರ್ಷ ಕಟ್ಟಿದ ಊರು ಒಂದೇ ರಾತ್ರೀಲಿ ಮಾಯ. ಜಿಲ್ಲಾ ಪಂಚಾಯ್ತಿಯವರು, ಸಿಎಸ್‌ಆರ್ ಅಂತ ಸಮಾಜದ ಕೆಲಸಕ್ಕೆ ದುಡ್ಡು ಕೊಡೋ ಕಂಪನಿಯವರು ಇದನ್ನ ಮೊದಲು ಕೇಳ್ಬೇಕು, ಸರ್ವರ್ ಎಲ್ಲಿದೆ, ನಾಳೆ ನೀವು ಹೋದ್ರೆ ನಮ್ಮ ಹತ್ರ ಏನ್ ಉಳಿಯುತ್ತೆ ಅಂತ. ಎರಡು ಹೆಡ್‌ಸೆಟ್ ದುಡ್ಡಲ್ಲಿ ಒಂದು ಲೈಬ್ರರಿಗೆ ರೂಟರು, ನಾಲ್ಕು ಹೆಡ್‌ಫೋನು, ಒಂದು ಯುಪಿಎಸ್ ಬರುತ್ತೆ. ಯುಪಿಎಸ್ ಮರೀಬೇಡಿ, ಕರೆಂಟ್ ಹೋದ ಸಂಜೆ ಅರ್ಧ ಕಟ್ಟಿದ ಗೋಪುರ ಕಳ್ಕೊಂಡ ಮಕ್ಕಳ ಮುಖ ನಾನು ನೋಡಿದೀನಿ.

ಕಟ್ಟೋ ಮುಂಚೆ ಮಕ್ಕಳನ್ನ ಕೂರಿಸ್ಕೊಂಡು ಕೇಳಿ. ಆ ಡೆಮೊ ಮಾಡಿದವರು ಒಂದು ಮಗೂನಾದ್ರೂ ನಿಂಗೆ ಇದ್ರಲ್ಲಿ ಏನ್ ಬೇಕು ಅಂತ ಕೇಳಿದ್ರೆ ಬೋರ್ಡ್ ಬರ್ತಾನೇ ಇರ್ಲಿಲ್ಲ. ನಮ್ಮ ಮಕ್ಕಳನ್ನ ನಾನು ಕೇಳ್ದೆ, ಅಂತರಗಂಗೆ ಆಮೇಲೆ ಏನು ಅಂತ. ಒಬ್ಬ ಕೆಜಿಎಫ್ ಗಣಿ ಒಳಗೆ ಇಳೀಬೇಕು ಅಂದ, ಅವನ ಅಜ್ಜ ಅಲ್ಲಿ ಕೆಲಸ ಮಾಡಿದೋರು, ಗಣಿ 2001ರಲ್ಲಿ ಮುಚ್ಚಿದ್ಮೇಲೆ ಹುಟ್ಟಿದ ಹುಡುಗ ಇವನು, ಒಳಗೆ ಹೇಗಿತ್ತು ಅಂತ ಅಜ್ಜನ ಬಾಯಲ್ಲಿ ತಮಿಳಲ್ಲಿ ಕೇಳಿದ್ದು ಬಿಟ್ರೆ ನೋಡಿಲ್ಲ. ಕತ್ತಲಲ್ಲಿ ಒಬ್ಬರಿಗೊಬ್ಬರು ಕಾಣದೆ ಬರೀ ಮಾತಲ್ಲೇ ದಾರಿ ಹೇಳ್ಕೊಂಡು ಹೋಗೋ ಆಟ ಅಂತೆ. ಹೇಳಿ, ಇದಕ್ಕಿಂತ ಒಳ್ಳೇ ಲ್ಯಾಂಗ್ವೇಜ್ ಲ್ಯಾಬ್ ಯಾರು ಡಿಸೈನ್ ಮಾಡ್ತಾರೆ? ಆ ಹುಡುಗಿ ಮಾತ್ರ ಬೇರೆ ಹೇಳಿದ್ಲು, ಒಂದು ಆಸ್ಪತ್ರೆ ಬೇಕು ಅಕ್ಕಾ, ಅಮ್ಮೀನ ಕರ್ಕೊಂಡು ಹೋದಾಗ ಡಾಕ್ಟರ್ ಹತ್ರ ಏನ್ ಹೇಳ್ಬೇಕು ಅಂತ ನಂಗೆ ಗೊತ್ತಾಗಲ್ಲ, ಅಲ್ಲಿ ಪ್ರಾಕ್ಟೀಸ್ ಮಾಡ್ಕೋತೀನಿ, ಅಂತ.

ಈ ವಾರ ಆ ಆಸ್ಪತ್ರೆ ಕಟ್ಟೋಕೆ ಶುರು ಮಾಡಿದಾರೆ. ಚೀಟಿ ಕೊಡೋ ಕಿಟಕಿ, ಉದ್ದ ಬೆಂಚು ಆಗಿದೆ, ಡಾಕ್ಟರ್ ರೂಮ್ ಬಾಕಿ. ನೋವು ಎಲ್ಲಿ, ಯಾವಾಗಿಂದ, ಊಟ ಸೇರುತ್ತಾ ಅನ್ನೋ ಮಾತುಗಳನ್ನ ಕನ್ನಡ, ಇಂಗ್ಲಿಷ್, ದಖನಿ ಮೂರರಲ್ಲೂ ಬರೀತಿದೀವಿ. ನಮ್ಮ ತಾಲ್ಲೂಕಲ್ಲಿ ಡಾಕ್ಟರೋ ನರ್ಸೋ ಯಾರಾದ್ರೂ ಈ ಪತ್ರ ಓದಿದ್ರೆ ಒಂದು ಸಂಜೆ ಬಂದು ನಮ್ಮ ಪಟ್ಟಿ ನೋಡಿ ತಿದ್ದಿಕೊಡಿ. ನಾಲ್ಕೂವರೆ ಮೇಲೆ ಮಕ್ಕಳು ಇರ್ತಾರೆ.

ಇಂತಿ,
ಒಬ್ಬ ಗ್ರಂಥಾಲಯ ಮೇಲ್ವಿಚಾರಕಿ
ಮುಳಬಾಗಿಲು ತಾಲ್ಲೂಕು, ಕೋಲಾರ ಜಿಲ್ಲೆ